ಕೌದಿ ತಯಾರಿಕೆಯಲ್ಲಿ ಅಳತೆಪಟ್ಟಿಯ ಆಯ್ಕೆ: ಸಣ್ಣ ಸಾಧನದ ದೊಡ್ಡ ಲೆಕ್ಕ

ಉತ್ತರ ಕರ್ನಾಟಕದ ಮನೆಗಳಲ್ಲಿ ಕೌದಿ ಹೊಲಿಯುವಾಗ ಅಳತೆಪಟ್ಟಿಯನ್ನು ಯಾರೂ ಹುಡುಕುವುದಿಲ್ಲ. ಹಳೆಯ ಸೀರೆ, ಧೋತರ, ಕುಪ್ಪಸಗಳ ತುಂಡುಗಳನ್ನು ಕಣ್ಣಳತೆಯಲ್ಲಿ ಕತ್ತರಿಸಿ, ಅಂಚು ಮಡಚಿ, ಒಂದರ ಪಕ್ಕಕ್ಕೊಂದನ್ನು ಇಟ್ಟು ಕೈಯಿಂದ ಹೊಲಿಯುವುದು ರೂಢಿ. ಹಳಿಯಾಳ, ಯಲ್ಲಾಪುರ, ಮುಂಡಗೋಡ ಭಾಗದ ಸಿದ್ದಿ ಮಹಿಳೆಯರು ಹೊಲಿಯುವ ಕವಂದಿಗಳ ಕ್ರಮವೂ ಹೆಚ್ಚುಕಡಿಮೆ ಇದೇ. ಅಲ್ಲಿ ಅಳತೆ ತಪ್ಪುವ ಪ್ರಶ್ನೆಯೇ ಉದ್ಭವಿಸುವುದಿಲ್ಲ. ತುಂಡಿಗೆ ತಕ್ಕಂತೆ ಪಕ್ಕದ ತುಂಡನ್ನು ಹೊಂದಿಸಿಕೊಳ್ಳಲಾಗುತ್ತದೆ. ಮನೆಯ ಮಂಚಕ್ಕೆ ಹೊದೆಸುವ ಕೌದಿ ಎರಡು ಇಂಚು ಅಗಲವಾದರೆ ಯಾರ ತಕರಾರೂ ಇಲ್ಲ.

ಅದೇ ಕೌದಿಯನ್ನು ಆದೇಶದ ಮೇರೆಗೆ ತಯಾರಿಸಿ ಮಾರುವಾಗ ಪರಿಸ್ಥಿತಿ ಬೇರೆಯಾಗುತ್ತದೆ. ಆದೇಶಪತ್ರದಲ್ಲಿ ‘ಅಗಲ 60 ಇಂಚು, ಉದ್ದ 80 ಇಂಚು’ ಎಂದು ಬರೆದ ಕೂಡಲೇ ಅದು ಕರಾರಿನ ಭಾಗವಾಗುತ್ತದೆ. 1930ರ ಸರಕು ಮಾರಾಟ ಕಾಯಿದೆಯ 15ನೆಯ ಪ್ರಕರಣದಂತೆ, ವಿವರಣೆಯ ಆಧಾರದ ಮೇಲೆ ಮಾರಿದ ಸರಕು ಆ ವಿವರಣೆಗೆ ಹೊಂದಬೇಕೆಂಬುದು ಮಾರಾಟದ ಅಂತರ್ಗತ ಷರತ್ತು. ಅಳತೆ ತಪ್ಪಿದ ಕೌದಿ ಎಷ್ಟೇ ಅಂದವಾಗಿದ್ದರೂ ಖರೀದಿದಾರನು ಅದನ್ನು ಹಿಂದಿರುಗಿಸಬಹುದು, ಇಲ್ಲವೇ ಬೆಲೆಯಲ್ಲಿ ಕಡಿತ ಕೇಳಬಹುದು.

ಹೊಲಿಗೆ ಯಂತ್ರ, ನೂಲು, ಬಟ್ಟೆ ಇವುಗಳ ಖರೀದಿಯಲ್ಲಿ ಹತ್ತು ಕಡೆ ವಿಚಾರಿಸುವ ಉದ್ಯಮಿಗಳು ಅಳತೆಪಟ್ಟಿಯನ್ನು ಮಾತ್ರ ಹತ್ತಿರದ ಅಂಗಡಿಯಿಂದ, ಬೆಲೆಯೊಂದನ್ನೇ ನೋಡಿ ತರಿಸುವುದುಂಟು. ಈ ಅಲಕ್ಷ್ಯಕ್ಕೆ ತೆರುವ ಬೆಲೆ ಎಷ್ಟು, ಅದು ಲೆಕ್ಕಪುಸ್ತಕದಲ್ಲಿ ಏಕೆ ಕಾಣಿಸುವುದಿಲ್ಲ, ಕೊನೆಗೆ ಅದು ಯಾರ ತಲೆಯ ಮೇಲೆ ಬೀಳುತ್ತದೆ ಮತ್ತು ಸರಿಯಾದ ಪಟ್ಟಿಯನ್ನು ಆರಿಸುವ ಬಗೆ ಹೇಗೆ ಎಂಬುದನ್ನು ಈ ಲೇಖನದಲ್ಲಿ ವಿವೇಚಿಸಲಾಗಿದೆ.

ದೋಷದಲ್ಲಿ ಎರಡು ಬಗೆ

ಅಳತೆಯ ದೋಷಗಳನ್ನು ಎರಡಾಗಿ ವಿಂಗಡಿಸಬಹುದು. ಮೊದಲನೆಯದು ಕೈತಪ್ಪಿನಿಂದಾಗುವ ದೋಷ. ಒಂದು ತುಂಡು ಕೂದಲೆಳೆಯಷ್ಟು ದೊಡ್ಡದಾದರೆ ಮತ್ತೊಂದು ಅಷ್ಟೇ ಚಿಕ್ಕದಾಗುತ್ತದೆ. ಎರಡನೆಯದು ಸಾಧನದ ದೋಷ. ಪಟ್ಟಿಯ ಗೆರೆಯೇ ತಪ್ಪಿದ್ದರೆ ಅದರಿಂದ ಅಳೆದ ಪ್ರತಿಯೊಂದು ತುಂಡೂ ಒಂದೇ ದಿಕ್ಕಿನಲ್ಲಿ ತಪ್ಪುತ್ತದೆ.

ಇವೆರಡರ ಪರಿಣಾಮದಲ್ಲಿ ಅಜಗಜಾಂತರವಿದೆ. ಒಂದು ಸಾಲಿನಲ್ಲಿ 30 ಚೌಕಗಳಿರುವ ಕೌದಿಯನ್ನು ಪರಿಗಣಿಸಬಹುದು. ಪ್ರತಿ ತುಂಡಿನಲ್ಲೂ ಸುಮಾರು 0.8 ಮಿ.ಮೀ., ಅಂದರೆ ಇಂಚಿನ ಮೂವತ್ತೆರಡನೆಯ ಒಂದು ಭಾಗದಷ್ಟು ಕೈತಪ್ಪು ಇದ್ದರೂ ಹೆಚ್ಚು ಕಡಿಮೆಗಳು ಒಂದನ್ನೊಂದು ಬಹುಮಟ್ಟಿಗೆ ಸರಿದೂಗಿಸುತ್ತವೆ. ಸಂಖ್ಯಾಶಾಸ್ತ್ರದ ನಿಯಮದಂತೆ ಒಟ್ಟು ವ್ಯತ್ಯಾಸವು 30ರ ವರ್ಗಮೂಲದಷ್ಟು, ಅಂದರೆ ಸುಮಾರು ಐದೂವರೆ ಪಟ್ಟು ಮಾತ್ರ ಬೆಳೆದು 4.4 ಮಿ.ಮೀ. ಆಸುಪಾಸಿನಲ್ಲಿ ನಿಲ್ಲುತ್ತದೆ. ಅದೇ 0.8 ಮಿ.ಮೀ. ದೋಷ ಪಟ್ಟಿಯಲ್ಲಿಯೇ ಇದ್ದರೆ ಅದು ಪೂರ್ತಿ 30 ಪಟ್ಟು ಬೆಳೆದು 24 ಮಿ.ಮೀ. ಆಗುತ್ತದೆ, ಕೌದಿ ಸುಮಾರು ಒಂದು ಇಂಚು ತಪ್ಪುತ್ತದೆ.

ಕೈತಪ್ಪನ್ನು ಅಭ್ಯಾಸದಿಂದ ತಗ್ಗಿಸಬಹುದು. ಸಾಧನದ ದೋಷವನ್ನು ಎಂತಹ ಕುಶಲಕರ್ಮಿಯೂ ಸರಿಪಡಿಸಲಾರರು. ಎಚ್ಚರದಿಂದ ಅಳೆದಷ್ಟೂ ಅದೇ ತಪ್ಪು ಅಷ್ಟೇ ನಿಷ್ಠೆಯಿಂದ ಮರುಕಳಿಸುತ್ತದೆ.

ಇಂಚು ಮತ್ತು ಸೆಂಟಿಮೀಟರ್: ಒಂದು ಉದಾಹರಣೆ

ಕೌದಿಯ ವಿನ್ಯಾಸಗಳು, ವಿಶೇಷವಾಗಿ ಅಮೆರಿಕದ ಖರೀದಿದಾರರು ಕಳುಹಿಸುವವು, ಇಂಚಿನಲ್ಲಿರುತ್ತವೆ. ಹೊಲಿಗೆಗೆಂದು ಬಿಡುವ ಅಂಚು ಕಾಲು ಇಂಚು ಎಂಬುದು ಅಲ್ಲಿನ ಸಂಪ್ರದಾಯ. 1959ರ ಅಂತರರಾಷ್ಟ್ರೀಯ ಒಪ್ಪಂದದಂತೆ ಒಂದು ಇಂಚು ಎಂದರೆ ನಿಖರವಾಗಿ 25.4 ಮಿ.ಮೀ.; ಆದ್ದರಿಂದ ಕಾಲು ಇಂಚು 6.35 ಮಿ.ಮೀ. ನಮ್ಮ ದೇಶದಲ್ಲಿ 1956ರ ಶಾಸನದಿಂದ ಮೆಟ್ರಿಕ್ ಪದ್ಧತಿ ನೆಲೆಗೊಂಡಿದ್ದು, ಅನೇಕ ಘಟಕಗಳ ಮೇಜಿನ ಮೇಲೆ ಸೆಂಟಿಮೀಟರ್ ಪಟ್ಟಿಯೇ ಇರುತ್ತದೆ. ಇಂಚನ್ನು ಸೆಂಟಿಮೀಟರಿಗೆ ಪರಿವರ್ತಿಸುವಾಗ ‘ಹತ್ತಿರದ ಸಂಖ್ಯೆ’ಯನ್ನು ಹಿಡಿಯುವ ಅಭ್ಯಾಸವೇ ಬಹಳಷ್ಟು ನಷ್ಟಕ್ಕೆ ಮೂಲ.

ಉದಾಹರಣೆಗಾಗಿ, 60 × 80 ಇಂಚಿನ 100 ಕೌದಿಗಳ ಆದೇಶ ಬಂದಿದೆ ಎಂದು ಭಾವಿಸಬಹುದು. ಹೊಲಿದ ಮೇಲೆ 2 ಇಂಚು ಉಳಿಯುವ ಚೌಕಗಳು. ಅಡ್ಡಕ್ಕೆ 30, ಉದ್ದಕ್ಕೆ 40, ಒಟ್ಟು 1,200. ಪ್ರತಿ ಚೌಕವನ್ನು ಎರಡೂವರೆ ಇಂಚಿಗೆ, ಅಂದರೆ 63.5 ಮಿ.ಮೀ.ಗೆ ಕತ್ತರಿಸಬೇಕು. ಘಟಕದ ಪಟ್ಟಿಯಲ್ಲಿ ಅರ್ಧ ಸೆಂಟಿಮೀಟರಿನ ಗೆರೆಗಳು ಮಾತ್ರ ಇದ್ದುದರಿಂದ ಆರೂವರೆ ಸೆಂಟಿಮೀಟರಿಗೆ ಕತ್ತರಿಸಲಾಯಿತು. ಯಂತ್ರದ ಮೇಲಿನ ಹೊಲಿಗೆ ಗುರುತನ್ನು ಮೇಲ್ವಿಚಾರಕರು 6 ಮಿ.ಮೀ.ಗೆ ಹೊಂದಿಸಿದರು. ಎರಡೂ ‘ಸುಮಾರಾಗಿ’ ಸರಿಯಾದವೇ. ಪರಿಣಾಮ ಹೀಗಿದೆ:

ಸರಿಯಾದ ಕ್ರಮದಲ್ಲಿ ಹೊಲಿದ ಚೌಕ: 63.5 – 12.7 = 50.8 ಮಿ.ಮೀ.
ಆದದ್ದು: 65 – 12 = 53 ಮಿ.ಮೀ.
ಒಂದು ಚೌಕದಲ್ಲಿ ವ್ಯತ್ಯಾಸ: 2.2 ಮಿ.ಮೀ.
ಅಗಲದಲ್ಲಿ, 30 ಚೌಕಗಳಿಗೆ: 66 ಮಿ.ಮೀ.
ಉದ್ದದಲ್ಲಿ, 40 ಚೌಕಗಳಿಗೆ: 88 ಮಿ.ಮೀ.

ಕೌದಿಯ ಮೇಲ್ಪದರ ಅಗಲದಲ್ಲಿ ಎರಡೂವರೆ ಇಂಚಿಗೂ, ಉದ್ದದಲ್ಲಿ ಸುಮಾರು ಮೂರೂವರೆ ಇಂಚಿಗೂ ಹೆಚ್ಚಾಯಿತು. ಸರಿಯಾದ ಅಳತೆಗೆ ತರಿಸಿಟ್ಟಿದ್ದ ನಡುವಿನ ಹತ್ತಿಪದರವೂ ಅಡಿಬಟ್ಟೆಯೂ ಅದಕ್ಕೆ ಸಾಲುವುದಿಲ್ಲ. ಸರಿಪಡಿಸಬೇಕಾದರೆ ಒಂದು ಸಾಲನ್ನು ಬಿಚ್ಚಿ ತೆಗೆಯಬೇಕು, ಆಗ ವಿನ್ಯಾಸ ಕೆಡುತ್ತದೆ. ಇಲ್ಲವೇ ಪ್ರತಿಯೊಂದು ಹೊಲಿಗೆಯಲ್ಲೂ 2 ಮಿ.ಮೀ.ಗೂ ಹೆಚ್ಚು ಬಟ್ಟೆಯನ್ನು ನುಂಗಿಸಿ ಮರುಹೊಲಿಯಬೇಕು.

ಚಿಂದಿಯ ಲೆಕ್ಕ ನೀಡುವ ತಪ್ಪು ಸಮಾಧಾನ

ಇದೇ ಉದಾಹರಣೆಯಲ್ಲಿ ಬಟ್ಟೆಯ ಖರ್ಚನ್ನು ಪರಿಶೀಲಿಸಿದಾಗ ಒಂದು ವಿಚಿತ್ರ ಸಂಗತಿ ಗೋಚರಿಸುತ್ತದೆ. ಬಟ್ಟೆಯ ಬಳಕೆಯೋಗ್ಯ ಅಗಲ 42 ಇಂಚು, ಅಂದರೆ 1,066.8 ಮಿ.ಮೀ. ಎಂದು ಇಟ್ಟುಕೊಂಡರೆ, ಅಡ್ಡಕ್ಕೆ ಕತ್ತರಿಸಿದ ಒಂದು ಪಟ್ಟೆಯಲ್ಲಿ ಎರಡೂವರೆ ಇಂಚಿನ 16 ಚೌಕಗಳು ದೊರೆತು 2 ಇಂಚು ಚಿಂದಿಯಾಗಿ ಉಳಿಯುತ್ತದೆ. ಇದು ಶೇ. 4.8ರಷ್ಟು. 1,200 ಚೌಕಗಳಿಗೆ 75 ಪಟ್ಟೆಗಳು, ಅಂದರೆ 4.76 ಮೀಟರ್ ಬಟ್ಟೆ ಸಾಕು.

65 ಮಿ.ಮೀ.ಗೆ ಕತ್ತರಿಸಿದಾಗಲೂ ಒಂದು ಪಟ್ಟೆಯಲ್ಲಿ 16 ಚೌಕಗಳೇ ದೊರೆಯುತ್ತವೆ. ಆದರೆ ಉಳಿಯುವ ಚಿಂದಿ 26.8 ಮಿ.ಮೀ. ಮಾತ್ರ, ಅಂದರೆ ಶೇ. 2.5. ಚಿಂದಿಯ ಪ್ರಮಾಣವನ್ನಷ್ಟೇ ನೋಡುವ ಮಾಲೀಕರಿಗೆ ಪೋಲು ಅರ್ಧಕ್ಕಿಳಿಯಿತೆಂಬ ಸಂತೋಷವಾಗುತ್ತದೆ. ವಾಸ್ತವದಲ್ಲಿ ಪ್ರತಿ ಪಟ್ಟೆಯೂ ಒಂದೂವರೆ ಮಿಲಿಮೀಟರ್ ಅಗಲವಾದ್ದರಿಂದ ಬಟ್ಟೆಯ ಬಳಕೆ 4.76 ಮೀಟರಿನಿಂದ ಸುಮಾರು 4.88 ಮೀಟರಿಗೆ, ಶೇ. 2.4ರಷ್ಟು ಏರಿದೆ. ಪೋಲಾದ ಬಟ್ಟೆ ಚಿಂದಿಯ ಚೀಲದಲ್ಲಿಲ್ಲ. ಅದು ಕೌದಿಯ ಒಳಗೇ ಹೊಲಿಯಲ್ಪಟ್ಟಿದೆ. ಆದ್ದರಿಂದ ಚಿಂದಿಯನ್ನು ತೂಗಿ ಪೋಲನ್ನು ಅಂದಾಜಿಸುವ ರೂಢಿ ಇಂತಹ ನಷ್ಟವನ್ನು ಎಂದಿಗೂ ಹಿಡಿಯಲಾರದು. ಪ್ರತಿ ಕೌದಿಗೆ ವಿತರಿಸಿದ ಬಟ್ಟೆಯ ಮೀಟರುಗಳನ್ನು ಪ್ರಮಾಣಿತ ಬಳಕೆಯೊಂದಿಗೆ ಹೋಲಿಸುವುದೇ ಸರಿಯಾದ ಮಾರ್ಗ.

ಹಣದ ರೂಪದಲ್ಲಿ ಹೇಳುವುದಾದರೆ, 100 ಕೌದಿಗಳಿಗೆ ಹೆಚ್ಚುವರಿ ಬಟ್ಟೆ 11.25 ಮೀಟರ್. ಮೀಟರಿಗೆ ರೂ. 150 ಎಂದು ಭಾವಿಸಿದರೆ ರೂ. 1,687.50. ಇದು ದೊಡ್ಡ ಮೊತ್ತವೇನಲ್ಲ. ಆದರೆ ಮರುಹೊಲಿಗೆಗೆ ಕೌದಿಯೊಂದಕ್ಕೆ ರೂ. 150 ಖರ್ಚಾದರೂ ರೂ. 15,000 ಆಗುತ್ತದೆ. ಒಟ್ಟು ರೂ. 16,687.50. ತಡವಾದ ರವಾನೆ ಮತ್ತು ಕೈತಪ್ಪುವ ಮುಂದಿನ ಆದೇಶದ ಲೆಕ್ಕ ಇದರಲ್ಲಿ ಸೇರಿಲ್ಲ. ಉತ್ತಮ ಪಟ್ಟಿಗಳು ಮೂರು, ಉಕ್ಕಿನ ಮೀಟರ್ ಪಟ್ಟಿ ಒಂದು, ಇವೆಲ್ಲಕ್ಕೂ ಸೇರಿ ರೂ. 5,000 ವೆಚ್ಚವಾಯಿತೆಂದು ಇಟ್ಟುಕೊಂಡರೂ ಅದು ಈ ಒಂದೇ ಆದೇಶದ ನಷ್ಟದ ಮೂರನೆಯ ಒಂದು ಭಾಗಕ್ಕಿಂತ ಕಡಿಮೆ. ಮತ್ತು ಆ ಪಟ್ಟಿಗಳು ಹಲವು ಆದೇಶಗಳಿಗೆ ಬಾಳುತ್ತವೆ.

ಯಾವ ವಸ್ತುವಿನ ಪಟ್ಟಿ?

ದರ್ಜಿಗಳ ಟೇಪು ದೇಹದ ಅಳತೆಗೆ ಹೇಳಿಮಾಡಿಸಿದ್ದು. ಬಟ್ಟೆ ಕತ್ತರಿಸಲು ಅದು ಯೋಗ್ಯವಲ್ಲ. ಬಳಸಿದಂತೆ ಅದು ಹಿಗ್ಗುತ್ತದೆ, ನೇರವಾದ ಅಂಚನ್ನೂ ಒದಗಿಸುವುದಿಲ್ಲ. ಮರದ ಗಜಕೋಲು ತೇವಾಂಶಕ್ಕೆ ಉಬ್ಬಿ ಬಾಗುತ್ತದೆ; ಅದರ ಅಂಚನ್ನು ಅಲಗು ಕೆತ್ತುತ್ತದೆ. ತೆಳುವಾದ ಪ್ಲಾಸ್ಟಿಕ್ ಪಟ್ಟಿಯ ಮೇಲೆ ಅಲಗು ಹತ್ತಿ ಬೆರಳಿಗೆ ಪೆಟ್ಟಾಗುವ ಅಪಾಯವೂ ಇದೆ.

ಉಕ್ಕಿನ ಪಟ್ಟಿ ಅತ್ಯಂತ ಸ್ಥಿರವಾದದ್ದು. ಆದರೆ ಅದು ಪಾರದರ್ಶಕವಲ್ಲವಾದ್ದರಿಂದ ಕೆಳಗಿನ ಬಟ್ಟೆಯ ಎಳೆ, ಮುದ್ರಣ, ಹಿಂದಿನ ಹೊಲಿಗೆ ಯಾವುದೂ ಕಾಣುವುದಿಲ್ಲ. ಅಲಗು ತಗುಲಿದರೆ ಅಲಗೂ ಮೊಂಡಾಗುತ್ತದೆ. ಆದ್ದರಿಂದ ಉಕ್ಕಿನ ಪಟ್ಟಿಯನ್ನು ಇತರ ಪಟ್ಟಿಗಳನ್ನು ಪರೀಕ್ಷಿಸುವ ಆಧಾರವಾಗಿ ಇರಿಸಿಕೊಳ್ಳುವುದು ಉಚಿತ.

ಕತ್ತರಿಸುವ ಮೇಜಿಗೆ ಸೂಕ್ತವಾದದ್ದು ಸುಮಾರು 3 ಮಿ.ಮೀ. ದಪ್ಪದ ಪಾರದರ್ಶಕ ಅಕ್ರಿಲಿಕ್ ಪಟ್ಟಿ. ಜಪಾನಿನ ಓಲ್ಫಾ ಸಂಸ್ಥೆ 1979ರಲ್ಲಿ ಚಕ್ರಾಕಾರದ ಅಲಗಿನ ರೋಟರಿ ಕಟರನ್ನು ಮಾರುಕಟ್ಟೆಗೆ ತಂದ ನಂತರ ಕೌದಿ ತಯಾರಕರಲ್ಲಿ ಗೆರೆ ಎಳೆದು ಕತ್ತರಿಯಿಂದ ಕತ್ತರಿಸುವ ಕ್ರಮ ಹಿಂದೆ ಸರಿದು, ಪಟ್ಟಿಯ ಅಂಚಿಗೇ ಅಲಗನ್ನು ಒತ್ತಿ ಉರುಳಿಸುವ ಕ್ರಮ ಬಳಕೆಗೆ ಬಂತು. ಆಗ ಪಟ್ಟಿಯು ಅಳತೆಯ ಸಾಧನವಾಗಿರುವುದರ ಜೊತೆಗೆ ಅಲಗಿಗೆ ದಾರಿ ತೋರುವ ಗೋಡೆಯೂ ಆಯಿತು. ಗೋಡೆಗೆ ದಪ್ಪವೂ ಗಟ್ಟಿತನವೂ ಬೇಕು.

ಅಕ್ರಿಲಿಕ್‌ನ ಒಂದು ದೌರ್ಬಲ್ಯವೆಂದರೆ ಬಿಸಿಗೆ ಹಿಗ್ಗುವುದು. 60 ಸೆಂ.ಮೀ. ಉದ್ದದ ಅಕ್ರಿಲಿಕ್ ಪಟ್ಟಿ ಉಷ್ಣತೆ 15 ಡಿಗ್ರಿ ಸೆಲ್ಸಿಯಸ್ ಏರಿದರೆ ಸುಮಾರು 0.6 ಮಿ.ಮೀ. ಹಿಗ್ಗುತ್ತದೆ, ಅಷ್ಟೇ ಉದ್ದದ ಉಕ್ಕು ಸುಮಾರು 0.1 ಮಿ.ಮೀ. ಮಾತ್ರ. ಎರಡೂವರೆ ಇಂಚಿನ ತುಂಡಿನಲ್ಲಿ ಈ ಹಿಗ್ಗುವಿಕೆ ನಗಣ್ಯವಾದರೂ, ಪಟ್ಟಿಯನ್ನು ಬಿಸಿಲು ಬೀಳುವ ಕಿಟಕಿಯ ಬಳಿ ಅಥವಾ ಇಸ್ತ್ರಿಪೆಟ್ಟಿಗೆಯ ಪಕ್ಕದಲ್ಲಿ ಇಡುವುದು ಸಲ್ಲದು. ಒಮ್ಮೆ ಬಾಗಿದ ಅಕ್ರಿಲಿಕ್ ಮೊದಲಿನಂತೆ ನೇರವಾಗುವುದಿಲ್ಲ.

ಗೆರೆ ಎಲ್ಲಿದೆ, ಎಷ್ಟು ದಪ್ಪವಿದೆ?

ಪಟ್ಟಿಯನ್ನು ಕೊಳ್ಳುವಾಗ ಬಹುತೇಕರು ಗಮನಿಸದ ಅಂಶವೊಂದಿದೆ. ಗೆರೆಗಳನ್ನು ಪಟ್ಟಿಯ ಮೇಲ್ಮೈಯಲ್ಲಿ ಮುದ್ರಿಸಲಾಗಿದೆಯೋ, ಬಟ್ಟೆಗೆ ತಾಗುವ ಕೆಳಮೈಯಲ್ಲಿಯೋ ಎಂಬುದು. ಗೆರೆ ಮೇಲಿದ್ದು ಬಟ್ಟೆ 3 ಮಿ.ಮೀ. ಕೆಳಗಿದ್ದರೆ ನೋಡುವ ಕಣ್ಣಿನ ಓರೆಗೆ ತಕ್ಕಂತೆ ಗೆರೆ ಸರಿದಂತೆ ಕಾಣುತ್ತದೆ. ನೇರ ಮೇಲಿನಿಂದ 30 ಡಿಗ್ರಿ ಓರೆಯಾಗಿ ನೋಡಿದರೆ ಈ ಸರಿತ ಸುಮಾರು 1 ಮಿ.ಮೀ. ಆಗುತ್ತದೆ. ಮೇಜಿನ ಒಂದೇ ಕಡೆ ನಿಂತು ದಿನವಿಡೀ ಕತ್ತರಿಸುವವರ ಓರೆ ಯಾವಾಗಲೂ ಒಂದೇ ಕಡೆಗೆ ಇರುವುದರಿಂದ ಇದು ಕೂಡ ಸಾಧನದ ದೋಷದಂತೆ 30 ಪಟ್ಟು ಬೆಳೆಯುತ್ತದೆ. ಗೆರೆಗಳು ಕೆಳಮೈಯಲ್ಲಿರುವ ಪಟ್ಟಿಯಲ್ಲಿ ಈ ತೊಂದರೆ ಇಲ್ಲವೆನ್ನುವಷ್ಟು ಕಡಿಮೆ.

ಗೆರೆಯ ದಪ್ಪವೂ ಮುಖ್ಯ. ಗೆರೆಯೇ 1 ಮಿ.ಮೀ. ದಪ್ಪವಿದ್ದರೆ ಒಬ್ಬರು ಅದರ ಒಳಬದಿಗೆ, ಇನ್ನೊಬ್ಬರು ಹೊರಬದಿಗೆ ಬಟ್ಟೆಯನ್ನು ಹೊಂದಿಸಿ, ಒಂದೇ ಪಟ್ಟಿಯಿಂದ ಎರಡು ಅಳತೆಗಳು ಹುಟ್ಟುತ್ತವೆ. ಗೆರೆ ತೆಳುವಾಗಿರಬೇಕು ಮತ್ತು ಬಟ್ಟೆಯ ಅಂಚು ಗೆರೆಯ ಯಾವ ಬದಿಗೆ ಬರಬೇಕೆಂಬುದು ಘಟಕದಲ್ಲಿ ಎಲ್ಲರಿಗೂ ಒಂದೇ ಆಗಿರಬೇಕು. ಕಪ್ಪು ಗೆರೆ ಕಡುಬಣ್ಣದ ಬಟ್ಟೆಯ ಮೇಲೆ ಕಾಣದಾದ್ದರಿಂದ ತಿಳಿ ಮತ್ತು ಕಡು ಎರಡು ಬಣ್ಣಗಳ ಗೆರೆಗಳಿರುವ ಪಟ್ಟಿ ಲೇಸು.

ಗಾತ್ರ ಮತ್ತು ಗುರುತುಗಳು

ಕೌದಿಗೆ ಬಳಸುವ ಹತ್ತಿಬಟ್ಟೆ ಸಾಮಾನ್ಯವಾಗಿ 42ರಿಂದ 44 ಇಂಚು ಅಗಲವಿರುತ್ತದೆ. ಎರಡಾಗಿ ಮಡಚಿದರೆ 21ರಿಂದ 22 ಇಂಚು. ಆದ್ದರಿಂದ 6 × 24 ಇಂಚಿನ ಪಟ್ಟಿ ಒಂದೇ ಎಳೆತಕ್ಕೆ ಇಡೀ ಅಗಲವನ್ನು ಕತ್ತರಿಸಲು ನೆರವಾಗುತ್ತದೆ. ಇದಕ್ಕಿಂತ ಗಿಡ್ಡ ಪಟ್ಟಿಯನ್ನು ನಡುವೆ ಸರಿಸಿ ಕತ್ತರಿಸಿದಲ್ಲೆಲ್ಲ ಒಂದು ಮುರಿವು ಉಂಟಾಗುತ್ತದೆ. ಮಡಚಿದ ಬಟ್ಟೆಯಲ್ಲಿ ಪಟ್ಟಿಯ ಅಡ್ಡಗೆರೆಯನ್ನು ಮಡಿಕೆಯ ಮೇಲೆ ಸರಿಯಾಗಿ ಕೂಡಿಸುವುದು ಅಗತ್ಯ. ಪಟ್ಟಿ ಒಂದು ಡಿಗ್ರಿ ಓರೆಯಾದರೆ ಬಿಡಿಸಿದ ಪಟ್ಟೆ ಮಡಿಕೆಯ ಬಳಿ ಎರಡು ಡಿಗ್ರಿ ಬಾಗಿರುತ್ತದೆ.

ಎರಡನೆಯದಾಗಿ, ಹೊಲಿದ ಭಾಗಗಳನ್ನು ಸರಿಮಾಡಲು ಹನ್ನೆರಡೂವರೆ ಇಂಚಿನ ಚೌಕಪಟ್ಟಿ ಬೇಕು. ಹೊಲಿದ ಮೇಲೆ 12 ಇಂಚು ಉಳಿಯುವ ಭಾಗಕ್ಕೆ ಎರಡೂ ಕಡೆಯ ಕಾಲು ಇಂಚು ಸೇರಿ ಹನ್ನೆರಡೂವರೆ ಆಗುವುದೇ ಈ ಗಾತ್ರಕ್ಕೆ ಕಾರಣ.

ಗುರುತುಗಳ ವಿಷಯದಲ್ಲಿ ಕಾಲು ಇಂಚಿನ ಗೆರೆ ಸಾಲದು. ಎಂಟನೆಯ ಒಂದು ಇಂಚಿನ ಗೆರೆಗಳು ಇರಲೇಬೇಕು. ಚೌಕವನ್ನು ಕರ್ಣದ ಮೇಲೆ ಕತ್ತರಿಸಿ ಎರಡು ತ್ರಿಕೋನ ಮಾಡುವ ವಿನ್ಯಾಸದಲ್ಲಿ ಮುಗಿದ ಅಳತೆಗೆ ಎಂಟನೆಯ ಏಳು ಇಂಚು ಸೇರಿಸಿ ಕತ್ತರಿಸುವುದು ನಿಯಮ. ಇದರ ಮೂಲ ಸರಳವಾಗಿದೆ: ಹೊಲಿಗೆಯ ಅಂಚನ್ನು 3.414ರಿಂದ ಗುಣಿಸಿದರೆ ಸೇರಿಸಬೇಕಾದ ಅಳತೆ ದೊರೆಯುತ್ತದೆ. 6.35 ಮಿ.ಮೀ. ಅಂಚಿಗೆ 21.7 ಮಿ.ಮೀ.; ಅದನ್ನೇ ಎಂಟನೆಯ ಏಳು ಇಂಚು, ಅಂದರೆ 22.2 ಮಿ.ಮೀ. ಎಂದು ಪೂರ್ಣಗೊಳಿಸಿದ್ದಾರೆ. ಅಂಚನ್ನು 6 ಮಿ.ಮೀ.ಗೆ ಇಳಿಸಿದರೆ ಸೇರಿಸಬೇಕಾದದ್ದು 20.5 ಮಿ.ಮೀ. ಮಾತ್ರ. ಒಂದು ಅಳತೆಯನ್ನು ಬದಲಿಸಿ ಇನ್ನೊಂದನ್ನು ಹಾಗೆಯೇ ಬಿಡುವಂತಿಲ್ಲ ಎಂಬುದಕ್ಕೆ ಇದೇ ನಿದರ್ಶನ. ತ್ರಿಕೋನ, ಷಟ್ಕೋನಗಳ ವಿನ್ಯಾಸಕ್ಕೆ 45 ಮತ್ತು 60 ಡಿಗ್ರಿಗಳ ಗೆರೆಗಳಿರುವುದನ್ನೂ ನೋಡಿಕೊಳ್ಳಬೇಕು.

ಕೊಳ್ಳುವ ಮುನ್ನ ಐದು ಪರೀಕ್ಷೆಗಳು

1. ಒಂದೇ ಗಾತ್ರದ ಎರಡು ಪಟ್ಟಿಗಳನ್ನು ಒಂದರ ಮೇಲೊಂದು ಇಟ್ಟು ಬೆಳಕಿಗೆ ಹಿಡಿಯಬೇಕು. ಎಲ್ಲ ಗೆರೆಗಳೂ ಒಂದಾಗಿ ಕಾಣಬೇಕು. ನಂತರ ಒಂದನ್ನು ತುದಿಬದಲಾಗಿ ತಿರುಗಿಸಿ ಅಂಚುಗಳನ್ನು ಹೋಲಿಸಬೇಕು.

2. ಉಕ್ಕಿನ ಪಟ್ಟಿಯ ಪಕ್ಕದಲ್ಲಿಟ್ಟು 1 ಇಂಚು, 6 ಇಂಚು, 24 ಇಂಚುಗಳ ಬಳಿ ಹೋಲಿಸಬೇಕು. ಮೊದಲ ಇಂಚನ್ನು ಪ್ರತ್ಯೇಕವಾಗಿ ನೋಡುವುದು ಅವಶ್ಯ. ಅಂಚನ್ನು ಕತ್ತರಿಸುವಾಗಿನ ತಪ್ಪು ಮೊದಲ ಇಂಚಿನಲ್ಲಿಯೇ ಅಡಗಿರುತ್ತದೆ.

3. ಮೂಲೆಯ ಲಂಬಕೋನವನ್ನು ಪರೀಕ್ಷಿಸಲು ಕಾಗದದ ನೇರ ಅಂಚಿಗೆ ಪಟ್ಟಿಯನ್ನು ತಾಗಿಸಿ ಗೆರೆ ಎಳೆದು, ಪಟ್ಟಿಯನ್ನು ಮಗುಚಿ ಅದೇ ಬಿಂದುವಿನಿಂದ ಮತ್ತೊಂದು ಗೆರೆ ಎಳೆಯಬೇಕು. ಎರಡೂ ಒಂದಾದರೆ ಮೂಲೆ ಸರಿ. ಕವಲೊಡೆದರೆ ಕಾಣುವ ಅಂತರ ನಿಜವಾದ ದೋಷದ ಎರಡರಷ್ಟು.

4. ಚೌಕಪಟ್ಟಿಯ ಎರಡು ಕರ್ಣಗಳನ್ನು ಅಳೆಯಬೇಕು. ಎರಡೂ ಸಮವಿರಬೇಕು. ಹನ್ನೆರಡೂವರೆ ಇಂಚಿನ ಚೌಕಕ್ಕೆ ಅದು 17.68 ಇಂಚು, ಅಂದರೆ 449 ಮಿ.ಮೀ.

5. ಸಮತಟ್ಟಾದ ಗಾಜಿನ ಮೇಲಿಟ್ಟು ನಾಲ್ಕು ಮೂಲೆಗಳನ್ನೂ ಒತ್ತಿ ನೋಡಬೇಕು. ಅಲುಗಿದರೆ ಪಟ್ಟಿ ಬಾಗಿದೆ ಎಂದರ್ಥ.

ಇವಕ್ಕೆಲ್ಲ ಸೇರಿ ಕಾಲು ಗಂಟೆಯೂ ಬೇಕಾಗದು. ಪರೀಕ್ಷಿಸಲು ಒಪ್ಪದ ಅಂಗಡಿಯಿಂದ ಕೊಳ್ಳದಿರುವುದೇ ಕ್ಷೇಮ.

ಘಟಕದಲ್ಲಿ ಬಳಕೆಯ ಕ್ರಮ

ಒಂದು ಆದೇಶಕ್ಕೆ ಒಂದೇ ತಯಾರಿಕೆಯ ಪಟ್ಟಿಗಳನ್ನು ಬಳಸಬೇಕು. ಎರಡು ಮೇಜುಗಳಲ್ಲಿ ಎರಡು ಬಗೆಯ ಪಟ್ಟಿಗಳಿದ್ದರೆ ಒಂದು ಮೇಜಿನ ತುಂಡು ಇನ್ನೊಂದು ಮೇಜಿನ ತುಂಡಿಗೆ ಹೊಂದುವುದಿಲ್ಲ. ಅಳತೆಯ ಮಾನವೂ ಒಂದೇ ಇರಲಿ. ಆದೇಶ ಇಂಚಿನಲ್ಲಿದ್ದರೆ ಕತ್ತರಿಸುವುದೂ ಹೊಲಿಯುವುದೂ ಇಂಚಿನಲ್ಲಿಯೇ ನಡೆಯಬೇಕು. ಹೊಲಿಗೆ ಯಂತ್ರದ ಗುರುತನ್ನು ಕತ್ತರಿಸಿದ ಅದೇ ಪಟ್ಟಿಯಿಂದ ಹೊಂದಿಸಬೇಕು. ರಟ್ಟಿನ ಅಥವಾ ತಗಡಿನ ಅಚ್ಚುಗಳನ್ನು ಬಳಸುವವರು ಅಚ್ಚನ್ನು ಇನ್ನೊಂದು ಅಚ್ಚಿನಿಂದ ನಕಲು ಮಾಡದೆ, ಪ್ರತಿಬಾರಿಯೂ ಮೂಲ ಪಟ್ಟಿಯಿಂದಲೇ ಅಳೆದು ತಯಾರಿಸಬೇಕು.

ಎಲ್ಲಕ್ಕಿಂತ ಮಿಗಿಲಾಗಿ, ಪೂರ್ತಿ ಬಟ್ಟೆಗೆ ಅಲಗು ಹಾಕುವ ಮುನ್ನ ಹತ್ತು ಚೌಕಗಳನ್ನು ಕತ್ತರಿಸಿ, ಸಾಲಾಗಿ ಹೊಲಿದು, ಇಸ್ತ್ರಿ ಮಾಡಿ ಅಳೆಯಬೇಕು. ಮೇಲಿನ ಉದಾಹರಣೆಯಲ್ಲಿ ಈ ಸಾಲು ಇಪ್ಪತ್ತೂವರೆ ಇಂಚು, ಅಂದರೆ 520.7 ಮಿ.ಮೀ. ಇರಬೇಕಿತ್ತು, 542 ಮಿ.ಮೀ. ಬರುತ್ತಿತ್ತು. 21 ಮಿ.ಮೀ. ವ್ಯತ್ಯಾಸ ಬರಿಗಣ್ಣಿಗೇ ಕಾಣುತ್ತದೆ. ಹತ್ತು ತುಂಡುಗಳಲ್ಲಿ ಸಿಕ್ಕಿಬೀಳುತ್ತಿದ್ದ ತಪ್ಪು 1,20,000 ತುಂಡುಗಳವರೆಗೆ ಬೆಳೆಯಬೇಕಿರಲಿಲ್ಲ.

ಪ್ರತಿ ಪಟ್ಟಿಗೂ ಒಂದು ಸಂಖ್ಯೆ ನೀಡಿ, ತಿಂಗಳಿಗೊಮ್ಮೆ ಉಕ್ಕಿನ ಪಟ್ಟಿಯೊಂದಿಗೆ ಹೋಲಿಸಿದ ದಿನಾಂಕವನ್ನು ಒಂದು ವಹಿಯಲ್ಲಿ ಬರೆದಿಡುವುದು ಉತ್ತಮ. ಅಂಚು ಕೆತ್ತಿಹೋದ ಪಟ್ಟಿಯನ್ನು ‘ಇನ್ನೊಂದು ಕೆಲಸಕ್ಕಾದೀತು’ ಎಂದು ಮೇಜಿನ ಮೇಲೆಯೇ ಬಿಟ್ಟರೆ ಅದು ಅವಸರದಲ್ಲಿ ಮತ್ತೆ ಕೈಗೆ ಬರುತ್ತದೆ. ಅದನ್ನು ತೆಗೆದುಬಿಡಬೇಕು.

ಕಾನೂನಿನ ದೃಷ್ಟಿ

2011ರ ಏಪ್ರಿಲ್ 1ರಿಂದ ಜಾರಿಗೆ ಬಂದ 2009ರ ಕಾನೂನಾತ್ಮಕ ಮಾಪನಶಾಸ್ತ್ರ ಕಾಯಿದೆಯಂತೆ ವ್ಯವಹಾರದಲ್ಲಿ ಬಳಸುವ ಅಳತೆಯ ಸಾಧನ ಪರಿಶೀಲನೆಗೊಂಡು ಮುದ್ರೆ ಪಡೆದಿರಬೇಕು. ಗಿರಾಕಿಗೆ ಬಟ್ಟೆಯನ್ನು ಅಳೆದು ಮಾರುವ ಮೀಟರ್ ಕೋಲು ಈ ನಿಯಮಕ್ಕೆ ಒಳಪಡುತ್ತದೆ. ಕೌದಿ ಕತ್ತರಿಸಲು ಕೊಂಡ ಇಂಚಿನ ಪಟ್ಟಿಯನ್ನು ಮಾರಾಟದ ಅಳತೆಗೆ ಬಳಸಬಾರದು. ಎರಡನ್ನೂ ಬೇರೆ ಬೇರೆ ಸ್ಥಳದಲ್ಲಿ ಇಡುವುದು ವಿವೇಕ. ದೇಶದೊಳಗಿನ ಮಾರಾಟಕ್ಕೆ ಪೊಟ್ಟಣ ಕಟ್ಟಿದ ಕೌದಿಯ ಮೇಲೆ ಗಾತ್ರವನ್ನು ನಮೂದಿಸುವಾಗ ಮೆಟ್ರಿಕ್ ಮಾನವನ್ನೇ ಬಳಸಬೇಕು. ನಮೂದಿಸಿದ ಗಾತ್ರಕ್ಕೂ ಒಳಗಿನ ಕೌದಿಗೂ ತಾಳೆಯಾಗಬೇಕು.

ನಷ್ಟ ಯಾರ ಖಾತೆಗೆ?

ಲೆಕ್ಕಪತ್ರ ಮಾನಕ 2ರಂತೆ, ದಾಸ್ತಾನಿನ ಮೌಲ್ಯದಲ್ಲಿ ಸಹಜ ಪೋಲನ್ನು ಸೇರಿಸಬಹುದು. ಅಸಹಜ ಪೋಲನ್ನು ಸೇರಿಸುವಂತಿಲ್ಲ, ಅದನ್ನು ಆಯಾ ಅವಧಿಯ ವೆಚ್ಚವೆಂದು ತೋರಿಸಬೇಕು. ಶೇ. 4.8ರ ಚಿಂದಿ ಸಹಜವಾದದ್ದು. ಪಟ್ಟಿಯ ತಪ್ಪಿನಿಂದ ಹೆಚ್ಚಾದ ಬಟ್ಟೆ ಮತ್ತು ಮರುಹೊಲಿಗೆ ಅಸಹಜವಾದವು. ಇವನ್ನು ಕೌದಿಯ ಬೆಲೆಯಲ್ಲಿ ಮುಚ್ಚಿಹಾಕಿದರೆ ಮುಂದಿನ ದರಪಟ್ಟಿಯೂ ತಪ್ಪುತ್ತದೆ.

ಇದಕ್ಕಿಂತಲೂ ಗಂಭೀರವಾದ ಪ್ರಶ್ನೆ ಇನ್ನೊಂದಿದೆ. ಕೌದಿ ಅಳತೆ ತಪ್ಪಿ ಬಂದಾಗ ಅದು ಕೊನೆಯದಾಗಿ ಕಾಣಿಸಿಕೊಳ್ಳುವುದು ಹೊಲಿಗೆಯವರ ಕೈಯಲ್ಲಿ. ತುಂಡುಲೆಕ್ಕದ ಮೇಲೆ ದುಡಿಯುವ ಮಹಿಳೆಗೆ ‘ಹೊಲಿಗೆ ಸರಿಯಿಲ್ಲ’ ಎಂದು ಹೇಳಿ, ಮರುಹೊಲಿಗೆಯನ್ನು ಕೂಲಿಯಿಲ್ಲದೆ ಮಾಡಿಸುವುದೋ, ಕೂಲಿಯಲ್ಲಿ ಕಡಿತ ಮಾಡುವುದೋ ಸುಲಭದ ದಾರಿಯಾಗಿ ತೋರುತ್ತದೆ. ಆದರೆ ಮೇಲಿನ 66 ಮಿ.ಮೀ. ವ್ಯತ್ಯಾಸವನ್ನು ವಿಭಜಿಸಿದರೆ ಸತ್ಯ ಹೊರಬರುತ್ತದೆ. ಪ್ರತಿ ತುಂಡನ್ನು ಒಂದೂವರೆ ಮಿಲಿಮೀಟರ್ ದೊಡ್ಡದಾಗಿ ಕತ್ತರಿಸಿದ್ದರಿಂದ 45 ಮಿ.ಮೀ.; ಯಂತ್ರದ ಗುರುತನ್ನು 6.35ರ ಬದಲು 6 ಮಿ.ಮೀ.ಗೆ ಹೊಂದಿಸಿದ್ದರಿಂದ 21 ಮಿ.ಮೀ. ಮೊದಲನೆಯದು ಪಟ್ಟಿಯನ್ನು ಕೊಂಡವರ ನಿರ್ಧಾರ, ಎರಡನೆಯದು ಮೇಲ್ವಿಚಾರಕರ ನಿರ್ಧಾರ. ಗುರುತಿನ ಮೇಲೆಯೇ ನೇರವಾಗಿ ಹೊಲಿದ ಮಹಿಳೆಯ ಪಾಲು ಸೊನ್ನೆ.

1936ರ ವೇತನ ಪಾವತಿ ಕಾಯಿದೆಯಲ್ಲಿದ್ದು 2019ರ ವೇತನ ಸಂಹಿತೆಯಲ್ಲಿಯೂ ಮುಂದುವರಿದ ತತ್ತ್ವವೇನೆಂದರೆ, ಹಾನಿಯ ಕಾರಣಕ್ಕೆ ವೇತನ ಕಡಿತ ಮಾಡಬೇಕಾದರೆ ಆ ಹಾನಿ ನೌಕರರ ಅಲಕ್ಷ್ಯದಿಂದಲೇ ಆಗಿರಬೇಕು, ಹಾನಿಯ ಮೊತ್ತವನ್ನು ಕಡಿತ ಮೀರಬಾರದು ಮತ್ತು ಅವರಿಗೆ ವಿವರಣೆ ನೀಡುವ ಅವಕಾಶವನ್ನು ಮೊದಲೇ ಕೊಟ್ಟಿರಬೇಕು. ಪಟ್ಟಿಗಳ ಪರೀಕ್ಷೆಯ ವಹಿ ಇಲ್ಲದ ಘಟಕವು ತಪ್ಪು ಹೊಲಿಗೆಯದೇ ಎಂದು ಹೇಗೆ ತೋರಿಸೀತು? ಕಾನೂನಿನ ಮಾತು ಹಾಗಿರಲಿ, ಮಾಡದ ತಪ್ಪಿಗೆ ಕೂಲಿ ಕಳೆದುಕೊಂಡ ನುರಿತ ಕೈ ಮತ್ತೊಂದು ಘಟಕಕ್ಕೆ ಹೋಗುತ್ತದೆ. ತಪ್ಪು ಪಟ್ಟಿ ಮಾತ್ರ ಅದೇ ಮೇಜಿನ ಮೇಲೆ ಉಳಿಯುತ್ತದೆ.

ಉಪಸಂಹಾರ

ಕೆಳಮೈಯಲ್ಲಿ ತೆಳುವಾದ ಗೆರೆಗಳಿರುವ, 3 ಮಿ.ಮೀ. ದಪ್ಪದ, ಎಂಟನೆಯ ಒಂದು ಇಂಚಿನ ಗುರುತುಗಳುಳ್ಳ 6 × 24 ಇಂಚಿನ ಅಕ್ರಿಲಿಕ್ ಪಟ್ಟಿ ಪ್ರತಿ ಮೇಜಿಗೊಂದು. ಹನ್ನೆರಡೂವರೆ ಇಂಚಿನ ಚೌಕಪಟ್ಟಿ ಒಂದು. ಇವನ್ನು ಪರೀಕ್ಷಿಸಲು ಉಕ್ಕಿನ ಪಟ್ಟಿ ಒಂದು. ಸಣ್ಣ ಘಟಕಕ್ಕೆ ಇಷ್ಟು ಸಾಕು. ಇವು ಆಸ್ತಿಪಟ್ಟಿಯಲ್ಲಿ ಕಾಣಿಸಿಕೊಳ್ಳುವಷ್ಟು ಬೆಲೆಯವಲ್ಲ. ಆದರೆ ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು ಎಂಬ ಗಾದೆ ವ್ಯಾಪಾರಕ್ಕೂ ಸಲ್ಲುತ್ತದೆ. ಉದ್ಯಮಿಗಳು ಮುಂದಿನ ಆದೇಶದ ಬಟ್ಟೆಯನ್ನು ಬಿಚ್ಚುವ ಮೊದಲು ತಮ್ಮ ಮೇಜುಗಳ ಮೇಲಿರುವ ಪಟ್ಟಿಗಳನ್ನೆಲ್ಲ ಒಟ್ಟುಗೂಡಿಸಿ, ಒಂದರ ಮೇಲೊಂದಿಟ್ಟು, ಬೆಳಕಿಗೆ ಹಿಡಿದು ನೋಡುವುದು ಒಳಿತು. ಗೆರೆಗಳು ಒಂದಾಗಿ ಕಾಣದಿದ್ದರೆ, ಹಿಂದಿನ ಆದೇಶದಲ್ಲಿ ಯಾರ ಕೂಲಿಯನ್ನು ಕಡಿತ ಮಾಡಲಾಗಿತ್ತೆಂಬುದನ್ನೂ ಅಂದೇ ಪುನರ್ವಿಮರ್ಶಿಸಬೇಕಾಗುತ್ತದೆ.